ಗೌತಮಿಯ ಗೋಡೆ

ಔರಾದಿನ ನಮ್ಮ ಬುದ್ಧವಿಹಾರಕ್ಕೆ ಚಿತ್ರ ಬರೆಸುವಾಗ, ಯಾವ ಗೋಡೆಗೆ ಯಾವ ಪ್ರಸಂಗ ಎಂದು ಪಟ್ಟಿ ಮಾಡುವ ಕೆಲಸವನ್ನು ಮಾವ ದತ್ತಾತ್ರಿಯವರು ನನಗೆ ಕೊಟ್ಟರು. ಎಂ.ಎ. ಓದಿದ ಸೊಸೆ, ಮಳೆಗಾಲದ ಮೂರು ತಿಂಗಳು ವಿಹಾರದಲ್ಲಿ ಗ್ರಂಥ ಓದುವವಳೂ ನಾನೇ. ಕನಸು ಕಾಣುತ್ತ ಮಲಗಿದ ತಾಯಿ, ಕೂಸಿನ ಪಕ್ಕ ನಿದ್ದೆಹೋದ ಹೆಂಡತಿ, ಪಾಯಸ ತಂದ ಸುಜಾತೆ, ಕುಣಿಯುವ ಮಾರನ ಹೆಣ್ಣುಮಕ್ಕಳು. ನಾನು ನೋಡಿದ ವಿಹಾರಗಳಲ್ಲೆಲ್ಲ ಇದ್ದ ಹೆಂಗಸರು ಇವರೇ. ಕೊನೆಯ ಗೋಡೆಗೆ ನಾನು ಗೌತಮಿಯನ್ನು ಸೇರಿಸಿದೆ. ಬುದ್ಧನನ್ನು ಸಾಕಿದ ಚಿಕ್ಕಮ್ಮ. ತಲೆ ಬೋಳಿಸಿಕೊಂಡು, ನನ್ನನ್ನೂ ಸಂಘಕ್ಕೆ ಸೇರಿಸಿಕೊ ಎಂದು ಬಾಗಿಲಲ್ಲಿ ನಿಂತವಳು.

ಸೇರಿಸಿದ್ದು ನಾದಿನಿ ಮಹಾಮಾಯಾಳಿಗಾಗಿ. ಮನೆಯವರು ವರ ಹುಡುಕುತ್ತಿದ್ದರು, ಅವಳಿಗೆ ಭಿಕ್ಖುಣಿಯಾಗಬೇಕಿತ್ತು. ಹೋದ ವರ್ಷ ಬೀದರಿಗೆ, ನಾನೂ ಗಂಡನೂ ಇರುವ ಮೈಲೂರಿನ ಮನೆಗೆ ಬಂದಿದ್ದಾಗ ಹತ್ತು ದಿನದ ಶಿಬಿರಕ್ಕೆ ಹೋಗಿ ತಲೆ ಬೋಳಿಸಿಕೊಂಡಳು. ಟೈಫಾಯ್ಡಿಗೆ ಕೂದಲು ಉದುರಿತು ಎಂದು ಔರಾದಿಗೆ ಫೋನಿನಲ್ಲಿ ಸುಳ್ಳು ಹೇಳಿದವಳು ನಾನು. ಗೌತಮಿಯನ್ನು ದಿನಾ ನೋಡಿ ನೋಡಿ ಮಾವನಿಗೆ ಅಭ್ಯಾಸವಾದೀತು, ಆಮೇಲೆ ಮಾತು ತೆಗೆದರಾಯಿತು ಎಂದುಕೊಂಡಿದ್ದೆ.

ಚಿತ್ರಗಾರ ಭಾಲ್ಕಿಯ ಇರ್ಫಾನ. ಬೋಳುತಲೆಯ ಹೆಂಗಸನ್ನು ತಾವು ಎಂದೂ ಬಿಡಿಸಿಲ್ಲ, ಫೋಟೋ ಇದ್ದರೆ ಕಳಿಸಿ ಎಂದರು. ಶಿಬಿರದಲ್ಲಿ ಭಿಕ್ಖುಗಳ ಚೀವರ ಹೊದ್ದ ಮಹಾಮಾಯಾಳ ಫೋಟೋ ನನ್ನ ಫೋನಿನಲ್ಲಿತ್ತು. ತಲೆಯ ಆಕಾರ ಮಾತ್ರ ನೋಡಿಕೊಳ್ಳಿ ಎಂದು ಎರಡು ಸಲ ಬರೆದು ಕಳಿಸಿದೆ. ಅವಳನ್ನು ಕೇಳಲಿಲ್ಲ.

ಇರ್ಫಾನ ಅಚ್ಚುಕಟ್ಟಿನ ಕೆಲಸಗಾರ. ಮಹಾಮಾಯಾಳ ಎಡಹುಬ್ಬಿನ ಮೇಲಿನ ಹಳೆಯ ಗಾಯದ ಗುರುತನ್ನೂ ಬಿಡಲಿಲ್ಲ.

ಹುಣ್ಣಿಮೆಯ ವಂದನೆಗೆ ಬಂದ ಹೆಂಗಸರು ಮೊದಲು ನಕ್ಕರು, ಆಮೇಲೆ ಮಹಾಮಾಯಾಳ ಕಡೆ ತಿರುಗಿ ನೋಡಿದರು. ಅತ್ತೆ ಶಾಲುಬಾಯಿ ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

“ಟೈಫಾಯ್ಡು ಭಾಳ ಚಂದ ಬಂದದಲ್ಲ, ಸಪನಾ.”

ಮಾವ ಕೂಗಾಡಲಿಲ್ಲ. ಗೌತಮಿ ದೊಡ್ಡವಳು, ಆಕೆಗೆ ಕೈಮುಗಿಯುತ್ತೇನೆ, ನನ್ನ ಮನೆಯಲ್ಲಿ ಬೇಡ ಎಂದರು. ಮರುದಿನವೇ ಇರ್ಫಾನರನ್ನು ಕರೆಸಿ ಆ ತಲೆಗೆ ಕೂದಲು, ಮೇಲೆ ಸೆರಗು, ಕೈಗೊಂದು ಬಟ್ಟಲು ಬರೆಸಿದರು. ನಮ್ಮ ವಿಹಾರದಲ್ಲಿ ಈಗ ಇಬ್ಬರು ಸುಜಾತೆಯರು. ಅಂದಿನಿಂದ ಮಹಾಮಾಯಾಳನ್ನು ಒಬ್ಬಳೇ ಹೊರಗೆ ಬಿಡಲಿಲ್ಲ. ಆ ವಾರವೇ ವರನ ಕಡೆಯವರು ಅವಳನ್ನು ನೋಡಲು ಬಂದು ಹುಡುಗಿ ಒಪ್ಪಿಗೆ ಎಂದು ಹೋದರು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಮಹಾಮಾಯಾಳ ಪಕ್ಕ ಕೂತು, ನಿನಗೆ ಒಳ್ಳೆಯದಾಗಲೆಂದೇ ಮಾಡಿದೆ ಎಂದೆ. ಅವಳು ಮೆಂತ್ಯ ಸೋಸುತ್ತಿದ್ದಳು.

“ಬುದ್ಧಗಯಾಕ್ಕ ಟಿಕೇಟು ಮಾಡ್ಸಿದ್ದೆ ವೈನಿ. ಯಾರಿಗೂ ಹೇಳಿದ್ದಿಲ್ಲ, ನಿಮಗೂ.”

ಯಾವತ್ತಿಗೆ ಎಂದು ಕೇಳಿದೆ.

“ನಿನ್ನಿಗಿತ್ರಿ,” ಎಂದಳು.