ಮೂರನೇ ಬಾಗಿಲ ಅಜ್ಜಿಯ ಲೈಸೆನ್ಸು

ಆ ವರ್ಷಗಳಲ್ಲಿ ಹೊಸಪೇಟೆಯ ಲೆಕ್ಕ ಸರಳವಾಗಿತ್ತು: ಗಣಿ ಸಿಕ್ಕವನು ಧಣಿ, ಸಿಗದವನಿಗೆ ದಣಿವು. ಹಾಲೇಶನಿಗೆ ಎರಡೂ ಬಂದಿರಲಿಲ್ಲ. ಬಿ.ಕಾಂ. ಮುಗಿಸಿದವನೇ ಮನೆಯ ಮುಂದುಗಡೆಯ ಕೋಣೆಯನ್ನು ಇಂಟರ್‌ನೆಟ್ ಸೆಂಟರ್ ಮಾಡಿಕೊಂಡು ಕುರ್ಚಿಗೆ ಅಂಟಿಕೊಂಡಿದ್ದ. ಬೆಳಿಗ್ಗೆ ಕೀಬೋರ್ಡು ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಅದರ ಮೇಲೆ ಕೆಂಪು ಧೂಳು. ಅದಿರಿನ ಲಾರಿಗಳು ಊರಿಗೆ ಪುಕ್ಕಟೆ ಹಂಚುತ್ತಿದ್ದ ಪಾಲು ಅದೊಂದೇ. ಹಾಲೇಶನ ನಿಜವಾದ ಬಂಡವಾಳ ಅವನ ಗಂಟಲು. ಬಸ್ ನಿಲ್ದಾಣದ ಮೈಕು, ಕಂಪ್ಲಿ ಬಸ್ಸಿನ ಕಂಡಕ್ಟರು, ಪ್ರಿನ್ಸಿಪಾಲರ ಕೆಮ್ಮು, ಯಾವ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ಅವನದಾಗುತ್ತಿತ್ತು. ಹೀಗೆ ಪರರ ದನಿಯನ್ನು ಪರ್ಮಿಟ್ಟಿಲ್ಲದೆ ಸಾಗಿಸುತ್ತಿದ್ದವನಿಗೇ ಒಂದು ದಿನ ಲೈಸೆನ್ಸಿನ ಪ್ರಶ್ನೆ ಗಂಟು ಬಿತ್ತು.

ಎಲ್ಲ ಶುರುವಾದದ್ದು ಒಂದು ಸಿ.ಡಿ.ಯಿಂದ. ಪಿಯುಸಿ ಓದುವಾಗ ಬಳ್ಳಾರಿಯ ಫುಟ್‌ಪಾತಿನಲ್ಲಿ ಕೊಂಡದ್ದು. ಬಿಳಿ ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕೋಟೆ-2’ ಎಂದು ಬರೆದಿತ್ತು. ಕೋಟೆ-1 ಯಾರ ಕೈಗೂ ಯಾವತ್ತೂ ಸಿಗಲಿಲ್ಲ. ಒಳಗಿದ್ದದ್ದು ‘ಗೇಟ್ಸ್ ಆಫ್ ಹಾರ್ಮಂಡ್’ ಎಂಬ ಆಗಲೇ ಹಳೆಯದಾಗಿದ್ದ ಆಟ. ನಾಲ್ವರು ಯೋಧರನ್ನು ಕಟ್ಟಿಕೊಂಡು ಏಳು ಬಾಗಿಲ ಕೋಟೆಯನ್ನು ಹೊಗಬೇಕು. ದಾರಿಯಲ್ಲಿ ಸಿಕ್ಕವರೊಡನೆ ಮಾತಾಡಬೇಕು, ಅವರು ಕೇಳಿದ್ದಕ್ಕೆ ಉತ್ತರ ಆರಿಸಬೇಕು, ಉತ್ತರ ಹೇಗೋ ಕಥೆ ಹಾಗೆ ತಿರುಗುತ್ತದೆ. ಪಾತ್ರಗಳಿಗೆ ದನಿ ಇರಲಿಲ್ಲ. ತೆರೆಯ ತುಂಬ ಇರುವೆ ಸಾಲಿನಂಥ ಇಂಗ್ಲಿಷು.

ಆಡುತ್ತಿದ್ದವರು ಮೂವರು. ಹಾಲೇಶ; ಅವನ ಸಹಪಾಠಿಯೂ ಕಂಪ್ಲಿಯ ರೈಸ್‌ಮಿಲ್ ತೋಟಪ್ಪನವರ ಮಗನೂ ಆದ ಬಸವಕುಮಾರ್; ಮತ್ತೆ ಪಾಪಿನಾಯಕನಹಳ್ಳಿಯ ಯಲ್ಲೇಶ, ಆಗಿನ್ನೂ ಲಾರಿ ಕ್ಲೀನರ್. ಯಲ್ಲೇಶನಿಗೆ ಇಂಗ್ಲಿಷ್ ಬಾರದು. ಹಾಗಾಗಿ ತೆರೆಯ ಮೇಲಿನದ್ದನ್ನೆಲ್ಲ ಹಾಲೇಶ ಕನ್ನಡದಲ್ಲಿ, ಪಾತ್ರಕ್ಕೊಂದು ದನಿ ಹಚ್ಚಿ, ಓದಿ ಹೇಳುವುದು ರೂಢಿಯಾಯಿತು. ರಾಜನಿಗೆ ಬಸ್ ನಿಲ್ದಾಣದ ಮೈಕು: “ಪ್ರಯಾಣಿಕರ ಗಮನಕ್ಕೆ, ನಮ್ಮ ಮಗಳನ್ನು ಮಾಂತ್ರಿಕನು ಹೊತ್ತೊಯ್ದಿರುತ್ತಾನೆ.” ಮಾಂತ್ರಿಕನಿಗೆ ಸ್ವತಃ ತೋಟಪ್ಪನವರ ದನಿ. ಮೂರನೇ ಬಾಗಿಲು ಕಾಯುವ ಮುದುಕಿಗೆ, ಮನೆಯೆದುರು ಮಂಡಕ್ಕಿ-ಮಿರ್ಚಿ ಮಾರುವ ಜಂಬಕ್ಕನ ದನಿ.

ಇಲ್ಲೊಂದು ಗುಟ್ಟಿದೆ. ಆಗಿನ ಹಾಲೇಶನ ಇಂಗ್ಲಿಷು ಹಂಪಿಯ ಹಾಳು ಮಂಟಪದಂತೆ: ಕಂಬಗಳಿದ್ದವು, ಚಾವಣಿ ಇರಲಿಲ್ಲ. ಡಿಕ್ಷನರಿ ತಿರುವುತ್ತ ಕೂತರೆ ಯಲ್ಲೇಶ ಆಕಳಿಸುತ್ತಿದ್ದ. ಅದಕ್ಕೇ ತಿಳಿಯದ ಕಡೆಯೆಲ್ಲ ಹಾಲೇಶ ತಾನೇ ಕಟ್ಟಿ ಹೇಳಿದ. ಮೂರನೇ ಬಾಗಿಲ ಮುದುಕಿಯಂತೂ ಪೂರ್ತಿ ಅವನದೇ ಫಸಲು. ಅವನ ಪ್ರಕಾರ ಆಕೆ ಯುದ್ಧಕ್ಕೆ ಹೋದ ಮಗನ ದಾರಿ ಕಾಯುವ ಅಜ್ಜಿ. ಬಂದವರನ್ನು ಕೂಡಿಸಿ, ಉಣಿಸಿ, ಬುತ್ತಿ ಕಟ್ಟಿ ಕಳಿಸುತ್ತಾಳೆ. ಅಲ್ಲಿ ಯೋಧರ ಚೀಲದಿಂದ ಒಂದಷ್ಟು ಬೆಳ್ಳಿ ನಾಣ್ಯ ಮಾಯವಾದಾಗ ಯಲ್ಲೇಶ “ಅದ್ಯಾಕ ಕಡಿಮಿ ಆತು?” ಎಂದಿದ್ದಕ್ಕೆ, “ಅಜ್ಜಿಗೆ ಎಲಿ-ಅಡಿಕಿಗೆ ಕೊಟ್ವಲ್ಲ” ಎಂದು ತೇಲಿಸಿದ್ದ. ಅಜ್ಜಿಯ ಬಾಯಲ್ಲಿ ಒಂದು ಮಾತನ್ನೂ ಇಟ್ಟಿದ್ದ: “ಉಂಡು ಹೋಗವ್ರಿಗೆ ಬಾಗ್ಲಾ ತಾನ ತೆರೀತೈತಿ, ತಮ್ಮಾ, ಓಡಿ ಹೋಗವ್ರಿಗೆ ಬೀಗ.”

ವರ್ಷಗಳು ಉರುಳಿದವು, ಲಾರಿಗಳೂ ಉರುಳಿದವು. ಬಸವಕುಮಾರ್ ಇಂಜಿನಿಯರಾಗಿ ಸಂಡೂರಿನ ಕಡೆ ಒಂದು ಕಂಪನಿಗೆ ಸೇರಿದ. ಯಲ್ಲೇಶ ಎರಡು ಟಿಪ್ಪರಿಗೆ ಮಾಲೀಕನಾದ. ಎರಡರ ಹಿಂದೆಯೂ ಹಳದಿ ಬಣ್ಣದಲ್ಲಿ ಅಜ್ಜಿಯ ಮಾತನ್ನೇ ಬರೆಸಿದ. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಆ ಮಾತಿನ ಹಿಂದೆ ಸಿಕ್ಕಿಕೊಂಡಾಗೆಲ್ಲ ಹಾಲೇಶನಿಗೆ ಬೈಕಿನ ಮೇಲೆಯೇ ಬೆವರು. ಮೂವರೂ ಭಾನುವಾರ ಮಧ್ಯಾಹ್ನ ಸೇರಿ ಅದೇ ಕೋಟೆಯನ್ನು ಮತ್ತೆ ಮತ್ತೆ ಹೊಗುತ್ತಿದ್ದರು. ಕೊನೆಗೆ ಧೂಳು ಉಜ್ಜಿ ಉಜ್ಜಿ ಸಿ.ಡಿ. ತುಂಬ ಗೀರು ಬಿದ್ದು, ಒಂದು ದಿನ ಅದು ಡ್ರೈವಿನೊಳಗೆ ಗರಗರ ಅಂದು ಪ್ರಾಣ ಬಿಟ್ಟಿತು. ಹಾಲೇಶ ಮೇಲೆ ಮೇಲೆ ಲೊಚಗುಟ್ಟಿದ, ಒಳಗೊಳಗೆ ನಿರಾಳನಾದ.

ನಿರಾಳ ಉಳಿಯಲಿಲ್ಲ. ಮರುವಾರವೇ ಬಸವಕುಮಾರ್ ಚಪ್ಪಲಿ ಬಿಡುವ ಮೊದಲೇ ಕೂಗಿದ.

“ಲೇ ಹಾಲ್ಯಾ, ನಮ್ಮ ಕೋಟೆ ಮತ್ತ ಬಿಡುಗಡೆ ಆಗೈತಿ!”

“ಯಾರು ಬಿಟ್ರು?” ಹಾಲೇಶ ಹಾವು ಬಿಟ್ಟವರನ್ನು ಕೇಳುವಂತೆ ಕೇಳಿದ.

“ಹಳೇ ಗೇಮ್ ಮಾರೋ ವೆಬ್‌ಸೈಟಿನವ್ರು. ಎಲ್ಲಾ ಕಾನೂನು ಪ್ರಕಾರ. ಹೊಸಾ ಕಂಪ್ಯೂಟರಿಗೆ ಹೊಂದೋ ಹಂಗ ಮಾಡ್ಯಾರ. ಮ್ಯಾಲ ಪ್ರತಿ ಪಾತ್ರಕ್ಕೂ ದನಿ ಕೊಟ್ಟಾರ!”

ಯಲ್ಲೇಶನ ಕಣ್ಣು ಅರಳಿತು. “ಅಂದ್ರ ಅಜ್ಜಿ ತಾನ ಮಾತಾಡ್ತಾಳ?”

ಹಾಲೇಶ ಒರೆಸಿದ ಕೀಬೋರ್ಡನ್ನೇ ಮತ್ತೆ ಒರೆಸತೊಡಗಿದ. ಅಜ್ಜಿ ತಾನೇ ಮಾತಾಡಿದರೆ ತನ್ನ ಗತಿ ಏನು? ಯಲ್ಲೇಶ ಈಗ ಇಂಗ್ಲಿಷಿನಲ್ಲಿ ಡೀಸೆಲ್ ಬಿಲ್ಲು ಓದುವಷ್ಟಾಗಿದ್ದಾನೆ. ಇಷ್ಟು ವರ್ಷ ಅವನು ನಂಬಿದ್ದು, ಹಚ್ಚಿಕೊಂಡದ್ದು, ಟಿಪ್ಪರಿನ ಹಿಂದೆ ಬರೆಸಿದ್ದು ಎಲ್ಲ ಹಾಲ್ಯಾನ ಬೊಗಳೆ ಎಂದು ಗೊತ್ತಾದರೆ ಮತ್ತೆ ಈ ಹೊಸ್ತಿಲು ತುಳಿದಾನೆಯೇ? ಹಾಲೇಶ ಸಿಕ್ಕ ಬಾಣ ಹಿಡಿದು ಎದ್ದ.

“ಕಾನೂನು ಪ್ರಕಾರ ಅಂದ್ರ ಯಾವ ಕಾನೂನು? ಇಂಟರ್‌ನೆಟ್ಟಿನ್ಯಾಗ ಹಳೇ ಗೇಮ್ ಆಡೋರು ಮಾತಾಡೋ ಫೋರಂನ್ಯಾಗ ಓದಿಲ್ಲೇನು? ಅದನ್ನ ಮಾಡಿದ ಕಂಪನಿ ಮುಚ್ಚಿ ಹೋಗೈತಿ. ಹೆಸರಿನ ಹಕ್ಕು ಒಬ್ಬನ ಹತ್ರ, ಪ್ರೋಗ್ರಾಮು ಇನ್ನೊಬ್ಬನ ಹತ್ರ, ಸಂಗೀತ ಮತ್ತೊಬ್ಬಂದು. ನಾವು ಕೊಡೋ ರೊಕ್ಕ ಕಷ್ಟಪಟ್ಟು ಮಾಡಿದವ್ರಿಗೆ ಮುಟ್ಟತೈತೇನು?”

“ನಿನ್ನ ಫುಟ್‌ಪಾತ್ ಸಿ.ಡಿ. ರೊಕ್ಕ ಮುಟ್ಟಿತ್ತೇನು?”

“ಅದು ಬ್ಯಾರೆ ಮಾತು.”

“ಹೋದ ವರ್ಷ ಫೋರಂನ್ಯಾಗ ‘ಮರುಬಿಡುಗಡೆ ಆಗಲೇಬೇಕು’ ಅಂತ ನಮ್ಮಿಬ್ಬರಿಗಿಂತ ಮೊದಲ ಸಹಿ ಹಾಕಿದಾಂವ ಯಾರಲೇ?”

“ಆವಾಗ ಹೆಂಗೂ ಆಗಂಗಿಲ್ಲ ಅಂತ ತಿಳಕೊಂಡು ಹಾಕಿದ್ದೆ!”

ಹೇಳಿದ ಮೇಲೆ ತಾನು ಯಾವ ಪಕ್ಷ ಎಂದು ಹಾಲೇಶನಿಗೇ ಗೊತ್ತಾಗಲಿಲ್ಲ. ಯಲ್ಲೇಶ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿ ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟ.

“ತಡೀರಪಾ. ಇದು ನಮ್ಮ ಗುಡ್ಡದ ಕಥಿನ ಆತಲ್ಲ. ತುದಿ ಒಬ್ಬಂದು, ಮೈ ಇನ್ನೊಬ್ಬಂದು, ಇಳಿಯೋ ದಾರಿ ಮತ್ತೊಬ್ಬಂದು. ಧೂಳು ಮಾತ್ರ ನಮ್ಮದು. ಆದ್ರೂ ಲೋಡು ಇಳೀತೈತಿಲ್ಲ? ತರಸೋ ಬಸ್ಯಾ, ನೋಡೋಣು.”

ಮುಂದಿನ ಭಾನುವಾರ ಬಸವಕುಮಾರ್ ತನ್ನ ಕಾರ್ಡಿನಿಂದ ಕೊಂಡ ಆಟವನ್ನು ಪೆನ್‌ಡ್ರೈವಿನಲ್ಲಿ ತಂದ. ಹಾಲೇಶ ಕೊನೆಯ ಬಾಣ ಬಿಟ್ಟ: “ಲೈಸೆನ್ಸು ನಿನ್ನ ಹೆಸರಿಗೆ ಐತಿ. ನನ್ನ ಕಂಪ್ಯೂಟರಿಗೆ ಹಾಕಿದ್ರ ಕಳವು ಆಗತೈತಿ ನೋಡು.” ಬಸವಕುಮಾರ್ ಒಂದು ಗಳಿಗೆ ಕಕ್ಕಾಬಿಕ್ಕಿಯಾದ. “ಹೌದೇನು? ನಾ ಇಲ್ಲೇ ಬಾಜೂಕ ಕುಂತಿರ್ತೀನಲ್ಲ… ಕುಂತ್ರ ಸರಿ ಆಗತೈತೇನು?” ಯಾರಿಗೂ ಗೊತ್ತಿರಲಿಲ್ಲ. ಯಲ್ಲೇಶನೇ ಮೌಸು ಎಳೆದುಕೊಂಡ.

ರಾಜ ಗಂಭೀರ ದನಿಯಲ್ಲಿ ಇಂಗ್ಲಿಷ್ ಆಡಿದ. “ಏನಂದ?” ಎಂದ ಯಲ್ಲೇಶ. ಹಾಲೇಶ ಈ ಸಲ ಇದ್ದದ್ದನ್ನು ಇದ್ದಂತೆ ಹೇಳಿದ. ಯಲ್ಲೇಶನ ಹುಬ್ಬು ಗಂಟಿಕ್ಕಿತು. ಒಂದನೇ ಬಾಗಿಲು ದಾಟಿತು, ಎರಡನೆಯದೂ ದಾಟಿತು. ಮೂರನೆಯದರ ಎದುರು ಕರಿ ಶಾಲು ಹೊದ್ದ ಮುದುಕಿ ಎದ್ದು ನಿಂತು ಕರ್ಕಶವಾಗಿ ಒಂದೇ ವಾಕ್ಯ ಹೇಳಿದಳು. ಅದರಲ್ಲಿ ‘ಪೇ’ ಇತ್ತು, ‘ಸಿಲ್ವರ್’ ಇತ್ತು, ‘ಡೈ’ ಇತ್ತು. ಅನುವಾದ ಬೇಕಾಗಲಿಲ್ಲ, ಆ ಧಾಟಿ ಯಲ್ಲೇಶ ದಿನವೂ ಕೇಳುವಂಥದ್ದು.

“ಅಯ್ಯಯ್ಯೋ! ಅಜ್ಜಿನ್ನ ಚೆಕ್‌ಪೋಸ್ಟ್ ಮಾಡಿ ಇಟ್ಟಾರಲ್ಲೋ!”

ಯಲ್ಲೇಶನ ಮುಖ, ಮನೆಗೆ ಹೋದಾಗ ಬಾಗಿಲು ತೆರೆದವರು ಬೇರೆ ಯಾರೋ ಆಗಿದ್ದರೆ ಆಗುವಂತಾಯಿತು. “ಇಕಿ ಯಾರು? ಬುತ್ತಿ ಎಲ್ಲಿ? ಮಗನ ಸುದ್ದಿ ಯಾಕ ಎತ್ತಲಿಲ್ಲ? ಹಾಲ್ಯಾ, ಹೇಳೋ!”

ಹೇಳಲೆಂದೇ ಹಾಲೇಶ ಬಾಯಿ ತೆರೆದ. ನಿಜವೇ ನಾಲಗೆಯ ತುದಿಯಲ್ಲಿತ್ತು. ಹೊರಬಿದ್ದದ್ದು ಇನ್ನೊಂದು.

“ಲೈಸೆನ್ಸು… ಲೈಸೆನ್ಸಿನ ತೊಂದರಿ ಇರಬೇಕು. ಹಳೇ ಸಂಗೀತದ ಲೈಸೆನ್ಸು ಮುಗದಿತ್ತು ಅಂತ ಸಂಗೀತ ಬದಲಿಸ್ಯಾರಂತ, ಫೋರಂನ್ಯಾಗ ಐತಿ. ಮಾತಿಂದೂ ಹಂಗ ಆಗಿರಬೇಕು.”

ಗಣಿಸೀಮೆಯಲ್ಲಿ ಇದಕ್ಕಿಂತ ನಂಬಿಕಸ್ಥ ಮಾತು ಬೇರೆ ಇರಲಿಲ್ಲ. ಯಲ್ಲೇಶ ತಲೆಯಾಡಿಸಿದ. ಲೀಸು ಮುಗಿದರೆ ಗುಡ್ಡವೇ ಕೈಬದಲಾಗುವಾಗ ಅಜ್ಜಿ ಯಾವ ಲೆಕ್ಕ! ಬಸವಕುಮಾರ್ ಮಾತ್ರ ಹಾಲೇಶನನ್ನೇ ನೋಡುತ್ತ, ಒಂದು ಮಿರ್ಚಿ ಕಚ್ಚಿ, ನಿಧಾನವಾಗಿ, “ಹೌದೌದು, ಲೈಸೆನ್ಸು” ಎಂದ.

“ಸರಿ,” ಎಂದ ಯಲ್ಲೇಶ ಎದ್ದು ನಿಂತು. “ಆ ಹಳೇ ಮಾತಿನ ಲೈಸೆನ್ಸು ಈಗ ಯಾರ ಹತ್ರ ಐತಿ ಅಂತ ಫೋರಂನ್ಯಾಗ ಕೇಳ್ರಿ. ನಾ ತಗೋತೀನಿ. ಒಂದು ಟಿಪ್ಪರ್ ಹೋದ್ರ ಹೋಗ್ಲಿ.”

ಅವನು ಹೋದ ಮೇಲೆ ಬಸವಕುಮಾರ್ ಇಂಗ್ಲಿಷಿನಲ್ಲಿ ಪ್ರಶ್ನೆ ಟೈಪು ಮಾಡಿದ: ಹಳೆಯ ಪ್ರತಿಯ ಮೂರನೇ ಬಾಗಿಲಲ್ಲಿ ಅನ್ನ ಹಾಕಿ, ಬುತ್ತಿ ಕಟ್ಟಿಕೊಡುತ್ತಿದ್ದ ಮುದುಕಿ ಏನಾದಳು? ಆ ಸಂಭಾಷಣೆಯ ಹಕ್ಕು ಯಾರದು?

“ನಿನಗ ಗೊತ್ತಿತ್ತೇನಲೇ?” ಹಾಲೇಶ ಮೆಲ್ಲಗೆ ಕೇಳಿದ.

“ಮಾಂತ್ರಿಕ ನಮ್ಮಪ್ಪನ ದನಿಯಾಗ ‘ನೆಲ್ಲು ಹಸಿ ಐತಿ, ವಾಪಸ್ ಒಯ್ಯಿ’ ಅಂದಾಗ್ಲೇ ಗೊತ್ತಾತು.”

“ಮತ್ತ ಯಾಕ ಹೇಳಲಿಲ್ಲ?”

“ಕಡೀಕ ಆ ದನಿ ಸೋಲತಿತ್ತಲ್ಲೋ. ನಮ್ಮನ್ಯಾಗ ಅದೊಂದು ನೋಡಾಕ ಸಿಗತಿರಲಿಲ್ಲ.”

ಉತ್ತರಗಳು ಮರುದಿನದಿಂದ ಬಂದವು, ತುಂಗಭದ್ರೆಗೆ ನೀರು ಬಿಟ್ಟಂತೆ. ಮೊದಲನೆಯವನು, ಅಂಥ ಮುದುಕಿ ಯಾವತ್ತೂ ಇರಲಿಲ್ಲ, ಆಕೆ ಸುಂಕದವಳು, ಎಂದು ಕಡ್ಡಿ ಮುರಿದಿದ್ದ. ಕಟ್ಟಿದ್ದು ತಾನೇ ಎಂಬುದಾದರೂ ಖಾತ್ರಿಯಾಯಿತಲ್ಲ ಎಂದುಕೊಂಡ ಹಾಲೇಶ. ಎರಡನೆಯವನು ಪೋಲೆಂಡಿನವನು: “ನನಗೆ ಆಕೆ ಚೆನ್ನಾಗಿ ನೆನಪಿದ್ದಾಳೆ. ರೊಟ್ಟಿ ಕೊಡುತ್ತಿದ್ದಳು. ಅವಳ ಮಗ ಯುದ್ಧಕ್ಕೆ ಹೋಗಿದ್ದ.” ಹಾಲೇಶ ಆ ಸಾಲನ್ನು ಮೂಗು ತಾಗುವಷ್ಟು ಹತ್ತಿರದಿಂದ ಓದಿದ. ಮಗನ ಸುದ್ದಿಯನ್ನು ಬಸವಕುಮಾರ್ ಬರೆದೇ ಇರಲಿಲ್ಲ. ಮೂರನೆಯವನು ಆ ದೃಶ್ಯವನ್ನು ಹಕ್ಕಿನ ತಕರಾರಿಗೇ ಕತ್ತರಿಸಿದರೆಂದು ಪ್ರಮಾಣ ಮಾಡಿದ. ನಾಲ್ಕನೆಯವನು ಆಕೆ ಇದ್ದದ್ದು ಆಟದ ಮೊದಲ ಭಾಗದಲ್ಲಿ, ಅಂದರೆ ಯಾರ ಕೈಗೂ ಸಿಗದ ಆ ಕೋಟೆ-1ರಲ್ಲಿ, ಎಂದ. ಐದನೆಯವನು ಎಲ್ಲರನ್ನೂ ಬೈದ. ಹಕ್ಕಿನ ಮಾತು ಹಕ್ಕಿಯಂತೆ, ಹಿಡಿಯಹೋದಷ್ಟೂ ಇನ್ನೊಂದು ಟೊಂಗೆ.

ಹಾಲೇಶನಿಗೆ ದಿಕ್ಕೇ ತಪ್ಪಿತು. ಅಜ್ಜಿಯನ್ನು ತಾನು ಕಟ್ಟಿದ್ದೋ, ತಿಳಿಯದ ಆ ಇಂಗ್ಲಿಷಿನಲ್ಲಿ ಆಕೆ ನಿಜವಾಗಿಯೂ ಇದ್ದು ತಾನು ಅರ್ಧಂಬರ್ಧ ಕಂಡಿದ್ದೋ? ತೆಗೆದು ನೋಡೋಣವೆಂದರೆ ಸಿ.ಡಿ. ಸತ್ತಿದೆ. ಇಷ್ಟು ದಿನ ಸುಳ್ಳೆಂದು ಹೆದರಿದ್ದು ಸುಳ್ಳೇ ಹೌದೋ ಅಲ್ಲವೋ ಎಂದು ಹೇಳಲು ಈಗ ಸಾಕ್ಷಿಯೂ ಇಲ್ಲ. ಎರಡು ದಿನ ಗಿರಾಕಿಗಳ ಜೆರಾಕ್ಸನ್ನು ತಲೆಕೆಳಗಾಗಿ ತೆಗೆದುಕೊಟ್ಟ.

ಭಾನುವಾರ ಯಲ್ಲೇಶ ಬಂದ. ಹೊರಗೆ ಟಿಪ್ಪರು ನಿಲ್ಲಿಸಿದ್ದ. ಕಿಟಕಿಯಿಂದ ಹಳದಿ ಅಕ್ಷರ ಕಾಣುತ್ತಿತ್ತು. “ಟಿಪ್ಪರ್ ಕೊಳ್ಳೋ ಕೆಂಚಣ್ಣ ನಾಳೆ ನೋಡಾಕ ಬರ್ತಾನ. ಫೋರಂ ಏನಂತೈತಿ?”

“ಯಲ್ಲ್ಯಾ, ಮಾರಬ್ಯಾಡ.” ಹಾಲೇಶನ ಗಂಟಲಿಗೆ ಯಾರ ದನಿಯೂ ಒದಗಲಿಲ್ಲ, ತನ್ನದೇ ಬಳಸಬೇಕಾಯಿತು. “ಆ ಮಾತಿಗೆ ಮಾಲೀಕ ಇಲ್ಲ. ಅಜ್ಜಿ ಇದ್ದಳು ಅಂತಾನ ಒಬ್ಬ, ಇರಲಿಲ್ಲ ಅಂತಾನ ಇನ್ನೊಬ್ಬ. ನಾನ ಹೇಳಿದ್ದು, ನಾನ ಕಟ್ಟಿದ್ದು ಅಂತ ಹೇಳೋಣಂದ್ರ… ಈಗ ನನಗೂ ತಿಳೀವಲ್ದು.”

ಯಲ್ಲೇಶ ಬಯ್ಯಲೂ ಇಲ್ಲ, ನಗಲೂ ಇಲ್ಲ. ಕುರ್ಚಿ ಎಳೆದು ಕೂತ, ಆಟ ತೆರೆದ, ಮೂರನೇ ಬಾಗಿಲ ತನಕ ಹೋದ. ಕರಿ ಶಾಲಿನವಳು ಎದ್ದು ಬಾಯಿ ತೆರೆಯುವಷ್ಟರಲ್ಲಿ ಕೈ ಚಾಚಿ ಸ್ಪೀಕರಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟ.

“ಮಾಲೀಕ ಇಲ್ಲಂದ್ರ ರೊಕ್ಕ ಯಾರಿಗೆ ಕೊಡ್ಲಿ? ಓದು.”

“ಏನು?”

“ಹಳೇದು.”

ಹಾಲೇಶ ಗಂಟಲು ಸರಿಮಾಡಿಕೊಂಡು ಜಂಬಕ್ಕನ ದನಿ ಎತ್ತಿದ. “ಕುಂದ್ರಪಾ ತಮ್ಮಾ, ಬಿಸಲಾಗ ಬಂದಿ, ಒಂದೀಟು ನೀರು…”

“ತಪ್ಪು,” ಎಂದ ಯಲ್ಲೇಶ ತೆರೆಯಿಂದ ಕಣ್ಣು ಕೀಳದೆ. “ಮೊದಲ ಮಗನ ಸುದ್ದಿ ಕೇಳ್ತಾಳ. ನೀರು ಆಮ್ಯಾಲ.”

ಹಾಲೇಶ ತಿದ್ದಿಕೊಂಡ. ಮುಂದಿನದನ್ನು ಮರೆತ, ಯಲ್ಲೇಶ ಎತ್ತಿಕೊಟ್ಟ. ಅದನ್ನೂ ತಪ್ಪಿದ, ಬಸವಕುಮಾರ್ ತಿದ್ದಿದ. ಬುತ್ತಿಯ ಘಟ್ಟಕ್ಕೆ ಬರುವ ಹೊತ್ತಿಗೆ ಯಾರು ಯಾರಿಗೆ ಓದುತ್ತಿದ್ದಾರೆ ಎಂಬುದೇ ಗೊಂದಲ. ಅಷ್ಟರಲ್ಲಿ ಖಾಲಿ ಪ್ಲೇಟು ಒಯ್ಯಲು ಜಂಬಕ್ಕ ಒಳಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಯಾರಲೇ ಅಕಿ, ಥೇಟ್ ನಮ್ಮತ್ತಿ ಮಾತಾಡಿದಂಗ ಮಾತಾಡ್ತಾಳ?”

ಯಲ್ಲೇಶ ನಿಧಾನಕ್ಕೆ ತಿರುಗಿದ.

“ನಿಮ್ಮತ್ತಿ ಈಗ ಎಲ್ಲಿ ಅದಾರಬೇ?”

“ಬುಕ್ಕಸಾಗರದಾಗ. ಯಾಕಪಾ?”

“ಏನಿಲ್ಲ,” ಎಂದು ಯಲ್ಲೇಶ ಟಿಪ್ಪರಿನ ಕೀಲಿ ಎತ್ತಿಕೊಂಡ. “ಏಳ್ರಿ, ಆ ಮಾತಿನ ಮಾಲೀಕರು ಇವರೇನು ಅಂತ ಒಂದು ಮಾತು ಕೇಳಿ ಬರೋಣು.”

ತೆರೆಯ ಮೇಲೆ ಚೀಲದ ಬೆಳ್ಳಿ ಕರಗಿ, ಮೂರನೇ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತ್ತು. ಒಳಗೆ ಹೋಗಲು ಯಾರೂ ಇರಲಿಲ್ಲ. ಮೂವರೂ ಆಗಲೇ ಟಿಪ್ಪರಿನ ಕ್ಯಾಬಿನ್ನಿನಲ್ಲಿದ್ದರು. ಜಂಬಕ್ಕ ಹಿಂದಿನಿಂದ ಕೂಗುತ್ತಿದ್ದಳು: “ಊಟದ ಹೊತ್ತಿಗೆ ಹೊಂಟೀರಿ, ಉಣಸದ ಬಿಡಂಗಿಲ್ಲ ನೋಡ್ರಿ ನಮ್ಮತ್ತಿ!”