ಗಂಟೆಗೆ ಮುಂಚೆ

ಮಗಳು ಬಾಕ್ಸಿಂಗ್ ಕಲಿಯುತ್ತೇನೆ ಎಂದಾಗ ದರ್ಜಿಯಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. “ಏಟು ತಿನ್ನೋಕೆ ಅಷ್ಟು ದೂರ ಹೋಗ್ಬೇಕಾ? ಕೇಳಿದ್ರೆ ಮನೇಲೇ ಕೊಡ್ತಿದ್ನಲ್ಲ!” ಎಂದು ಗೊಣಗಿದ್ದಳು. ಆಮೇಲೆ ಬಾಕ್ಸಿಂಗ್ ಚಡ್ಡಿಯ ಸೊಂಟ ಸಡಿಲವಾಗಿದೆಯೆಂದು ತಾನೇ ಬಿಚ್ಚಿ ಹೊಲಿದುಕೊಟ್ಟಳು. ಅವಳ ಸಿಟ್ಟಿನ ಆಯಸ್ಸೇ ಅಷ್ಟು.

ತಂಡದ ಆಯ್ಕೆಯಲ್ಲಿ ಮಗಳು ಎರಡು ಸಲವೂ ಕೊನೆಯ ಸುತ್ತಿನಲ್ಲೇ ಸೋತು ಬಂದಿದ್ದಳು. ಕೈ ಚುರುಕು, ಕಾಲು ಚುರುಕು. ಬೇಕಾದ ಹೊತ್ತಿಗೆ ಉಸಿರು ಕೈಕೊಡುತ್ತಿತ್ತು. “ಈ ಸಲಾನೂ ಆಗ್ಲಿಲ್ಲ ಅಂದ್ರೆ ಗ್ಲೌಸು ಯಾರಿಗಾದ್ರೂ ಕೊಟ್ಬಿಡ್ತೀನಮ್ಮ” ಎಂದಿದ್ದಳು. ಅದು ತಮಾಷೆಯ ಮಾತಲ್ಲ ಎಂದು ತಾಯಿಗೆ ಗೊತ್ತಾಗಿತ್ತು.

ಮದ್ದು ಹೇಳಿದವರು ಅವಳ ಗುರುಗಳಾದ ಸೊಟ್ಟಮೂಗಿನ ಮಾಸ್ತರರು. ಆ ಮೂಗೇ ಅವರ ಪದವಿ ಪತ್ರ. ಮೈಲಿಗಟ್ಟಲೆ ಓಡಿದ್ದು ಸಾಕು; ಇನ್ನು ದಿನಾ ಬೆಳಿಗ್ಗೆ ಅರ್ಧ ನಿಮಿಷ ದೆವ್ವ ಹಿಡಿದವರ ಹಾಗೆ ಚೀಲಕ್ಕೆ ಗುದ್ದಬೇಕು, ಅರ್ಧ ನಿಮಿಷ ಉಸಿರಾಡಿಕೊಳ್ಳಬೇಕು, ಮತ್ತೆ ದೆವ್ವ. “ಫೋನಲ್ಲಿ ಅಲಾರಂ ಇಟ್ಕೊಂಡ್ರೆ ಸುಸ್ತಾದಾಗ ನೀನೇ ಆರಿಸಿಬಿಡ್ತೀಯ. ಮನೆಯವರು ಯಾರಾದ್ರೂ ಗಡಿಯಾರ ನೋಡ್ಲಿ” ಎಂದರು.

ಮನೆಯವರು ಅಂತ ಇದ್ದದ್ದು ದರ್ಜಿಯಮ್ಮ ಒಬ್ಬಳೇ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಕಬ್ಬಿಣದ ತೊಲೆಗೆ ಚೀಲ ತೂಗುಬಿದ್ದಿತು. ಗೋಡೆ ಗಡಿಯಾರ ಮೇಲೆ ಬಂತು. ದರ್ಜಿಯಮ್ಮ ಸೌಟು ಹಿಡಿದು ಬೋರಲು ಹಾಕಿದ ಪಾತ್ರೆಯ ಮುಂದೆ ಕೂತಳು. ಠಣ್ ಎಂದರೆ ಶುರು, ಠಣ್ ಎಂದರೆ ಸಾಕು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ಮಗಳ ಮುಖ ಕೆಂಪೇರಿ, ತುಟಿ ಬಿಳಿಚಿ, ಮೊಣಕಾಲು ನಡುಗುವುದನ್ನು ಕಣ್ಣೆದುರೇ ನೋಡುತ್ತ ಹೆತ್ತ ಕರುಳು ಎಷ್ಟು ಹೊತ್ತು ಸುಮ್ಮನಿರುತ್ತದೆ? ಮುಳ್ಳು ಇನ್ನೂ ದಾರಿಯಲ್ಲಿರುವಾಗಲೇ ಸೌಟು ಬೀಳತೊಡಗಿತು. ಇವತ್ತು ಚೂರು, ನಾಳೆ ಇನ್ನೊಂಚೂರು. ಗಿರಾಕಿಯ ಬಟ್ಟೆಯಲ್ಲಿ ನೂಲೆಳೆಯಷ್ಟೂ ತಪ್ಪದ ಕೈ ಮಗಳ ಹೊತ್ತಿಗೆ ದಿನಾ ಕತ್ತರಿ ಹಾಕುತ್ತಿತ್ತು. “ನೋಡಮ್ಮ, ಈಗ ಮೊದಲಿನಷ್ಟು ಸುಸ್ತೇ ಆಗಲ್ಲ!” ಎಂದು ಮಗಳು ಹಿಗ್ಗಿದಾಗ ತಾಯಿಯೂ ಹಿಗ್ಗಿದಳು. ಎಂಥ ಜೋಡಿ!

ಆಯ್ಕೆಗೆ ಒಂದು ತಿಂಗಳಿದ್ದಾಗ ಮಾಸ್ತರರು ಅಭ್ಯಾಸದ ಪಂದ್ಯ ಇಟ್ಟರು. ದರ್ಜಿಯಮ್ಮನೂ ಹೋಗಿದ್ದಳು. ಮಗಳು ಚೆನ್ನಾಗಿಯೇ ಆಡುತ್ತಿದ್ದಳು. ಆದರೆ ಪ್ರತಿ ಸುತ್ತೂ ಮುಗಿಯುತ್ತ ಬಂದಾಗ, ಗಂಟೆ ಹೊಡೆಯುವ ಮೊದಲೇ, ಅವಳ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಎದುರಿನ ಹುಡುಗಿ ಅದನ್ನೇ ಕಾದು ಗುದ್ದಿದಳು. ತುಟಿ ಒಡೆಯಿತು.

ಮಾಸ್ತರರು ತಲೆ ಕೆರೆದುಕೊಂಡರು. “ಭಯಾನೂ ಇಲ್ಲ, ಅಂಥ ಸುಸ್ತೂ ಇಲ್ಲ. ಗಂಟೆಗೆ ಮುಂಚೇನೇ ಇವಳ ಮೈ ಅಂಗಡಿ ಬಾಗಿಲು ಹಾಕ್ತಿದೆ. ಇದನ್ನ ಯಾರು ಕಲಿಸಿದ್ರೋ!”

ಕಲಿಸಿದವಳು ಯಾರೆಂದು ದರ್ಜಿಯಮ್ಮನಿಗಲ್ಲದೆ ಇನ್ಯಾರಿಗೆ ಗೊತ್ತು? ಮನೆಯ ಮೆಟ್ಟಿಲು ಹತ್ತುವಾಗ ಬಾಯಿಬಿಟ್ಟು ಹೇಳಿದಳು. “ನಿನ್ನ ಮುಖ ನೋಡಕ್ಕಾಗ್ತಿರಲಿಲ್ಲ ಕಣೇ. ಬೇಗ ಬಾರಿಸ್ಬಿಡ್ತಿದ್ದೆ.”

ಮಗಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು, ಮೈಯೆಲ್ಲ ಸಿಟ್ಟು. “ನೀನಾ ಅಮ್ಮ? ಬೇರೆ ಯಾರಾದ್ರೂ ಆಗಿದ್ರೆ ಒಂದು ಗುದ್ದು ಕೊಟ್ಟು ಸಮಾಧಾನ ಮಾಡ್ಕೋತಿದ್ದೆ.”

“ನಾಳೆಯಿಂದ ನಾನು ಬರಲ್ಲ ಬಿಡು. ಬೇರೆ ಯಾರನ್ನಾದ್ರೂ ನೋಡ್ಕೋ.”

“ಬೇರೆ ಯಾರಿದ್ದಾರೆ ನಂಗೆ?” ಮಗಳು ಮೂಗು ಒರೆಸಿಕೊಂಡಳು. “ನೀನೇ ಬಾರಿಸು. ನನ್ನ ಮುಖ ಮಾತ್ರ ನೋಡಬೇಡ.”

ಮರುದಿನದಿಂದ ದರ್ಜಿಯಮ್ಮ ಚೀಲಕ್ಕೆ ಬೆನ್ನು ಹಾಕಿ, ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹಿಂದಿನಿಂದ ಗುದ್ದಿನ ಸದ್ದು, ಏದುಸಿರು, ಒಮ್ಮೊಮ್ಮೆ “ಅಮ್ಮಾ” ಎಂಬ ನರಳಿಕೆ. ಹಲ್ಲು ಕಚ್ಚಿಕೊಂಡಳು. ಮುಳ್ಳು ಗುರುತು ಮುಟ್ಟುವ ತನಕ ಜಪ್ಪಯ್ಯ ಎಂದರೂ ಸೌಟು ಎತ್ತಲಿಲ್ಲ. ಆ ತಿಂಗಳು ಮಗಳು ಪಟ್ಟ ಪಾಡಿಗಿಂತ ತಾಯಿಯ ಪಾಡು ಒಂದು ಹಿಡಿ ಹೆಚ್ಚೇ ಇತ್ತು.

ಆಯ್ಕೆಯ ದಿನವೂ ಗಂಟೆ ಹೊಡೆಯುವವರ ಮೇಜಿನ ಪಕ್ಕ, ಕಣಕ್ಕೆ ಬೆನ್ನು ಹಾಕಿಯೇ ಕೂತಳು. ಎರಡು ಸುತ್ತು ಹಾಗೇ ಕಳೆದವು. ಕೊನೆಯ ಸುತ್ತಿನಲ್ಲಿ ಮಾಸ್ತರರಿಗೆ ತಡೆಯಲಾಗಲಿಲ್ಲ. “ತಾಯೀ, ಇಲ್ಲಿ ಗಂಟೆ ನಿಮ್ಮ ಕೈಲಿಲ್ಲ. ಧೈರ್ಯವಾಗಿ ತಿರುಗಿ!”

ತಿರುಗಿದಳು. ಅದೇ ಕೆಂಪೇರಿದ ಮುಖ, ಅದೇ ಬಿಳಿಚಿದ ತುಟಿ. ಆದರೆ ಕೈ ಕೆಳಗಿಳಿಯಲಿಲ್ಲ. ಹಿಂದೆ ಹಿಂದೆ ಸರಿಯುತ್ತಿದ್ದವಳು ಎದುರಾಳಿ. ಮಗಳು ಅವಳನ್ನು ಮೂಲೆಗೆ ಒತ್ತಿ ಒಂದಾದ ಮೇಲೊಂದು ಗುದ್ದುತ್ತಿದ್ದಾಗ ಗಂಟೆ ಬಡಿಯಿತು.

ದರ್ಜಿಯಮ್ಮ ಧಡಕ್ಕನೆ ಎದ್ದಳು. “ಅಯ್ಯೋ ಪುಣ್ಯಾತ್ಮ, ಇಷ್ಟು ಬೇಗ ಯಾಕ್ರೀ ಹೊಡೆದ್ರಿ?”

“ಸರಿಯಾದ ಹೊತ್ತಿಗೇ ಹೊಡೆದಿದ್ದೀನಮ್ಮ,” ಆತ ತಬ್ಬಿಬ್ಬಾಗಿ ಗಡಿಯಾರ ತೋರಿಸಿದ.

“ಇನ್ನೊಂಚೂರು ಬಿಟ್ಟಿದ್ರೆ ನಿಮ್ಮ ಗಂಟೆ ಏನು ಸವೆದುಹೋಗ್ತಿತ್ತಾ?”

ತೀರ್ಪು ಕೂಗಿದ್ದೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಇನ್ನೂ ಜಗಳವಾಡುತ್ತಿದ್ದಾಗ, ಹಿಂದೆ ಕಣದಲ್ಲಿ ರೆಫರಿ ಮಗಳ ಕೈಯನ್ನು ಮೇಲೆತ್ತಿ ಹಿಡಿದಿದ್ದರು. ಮಗಳು ಅಮ್ಮನನ್ನೇ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದಳು.