ಎಡಕ್ಕೊಮ್ಮೆ, ಬಲಕ್ಕೊಮ್ಮೆ

ನಮ್ಮ ಕಡೆ ಸನ್ಮಾನ ಮಾಡಲಿಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮೈಕು ಹಿಡಿಯಲು ತುದಿಗಾಲಲ್ಲಿ ನಿಂತ ನಾಲ್ಕು ಜನ ಸಿಕ್ಕರೆ ವೇದಿಕೆ ತಾನಾಗಿಯೇ ಏಳುತ್ತದೆ. ಆದರೂ ಇನ್ನೊಬ್ಬನ ಮುಖದ ಎಲುಬು ಮುರಿದವನಿಗೆ ಹುಮನಾಬಾದಿನಲ್ಲಿ ಸನ್ಮಾನ ಗೊತ್ತಾಗಿದೆ ಎಂದು ಕೇಳಿದಾಗ ಬಸವಕಲ್ಯಾಣದ ರೂಪಾಲಿಗೆ ನಗು ಬರಲಿಲ್ಲ. ಮುರಿದವನು ಅವಳು ಮದುವೆಯಾಗಬೇಕಾದ ಹುಡುಗ.

ಹೆಸರು ಬಸವಕಿರಣ. ಗೋವಾದ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನಲ್ಲಿ ರಕ್ಷಣಾ ಆಟಗಾರ. ಶ್ರಾವಣದಲ್ಲಿ ಇಬ್ಬರ ಸಾಕರಪುಡಾ, ಅಂದರೆ ನಿಶ್ಚಿತಾರ್ಥ, ಆಗಿ, ಉಂಗುರ ಬದಲಾಗಿ, ದೀಪಾವಳಿ ಕಳೆದ ಮೇಲೆ ಲಗ್ನವೆಂದು ಮಾತಾಗಿತ್ತು. ನಡುವೆ ಒಂದು ಪಂದ್ಯದಲ್ಲಿ ಅವನ ಮೊಣಕೈ ಎದುರು ತಂಡದ ಇಬೋಮ್ಚಾ ಎಂಬ ಮಣಿಪುರದ ಹುಡುಗನ ಕೆನ್ನೆಗೆ ಬಡಿಯಿತು. ಎಲುಬು ಒಡೆಯಿತು. ಒಂದು ಕಣ್ಣಿನ ದೃಷ್ಟಿ ಮರಳುತ್ತದೋ ಇಲ್ಲವೋ ಎಂದು ವೈದ್ಯರು ಇನ್ನೂ ಹೇಳಿಲ್ಲ.

ರೆಫರಿ ಅದನ್ನು ನೋಡಿರಲಿಲ್ಲ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತಿದ್ದರಿಂದ ಅದಕ್ಕೆ ಸಿಕ್ಕಿದ್ದು ಕೊನೆಯ ಒಂದು ಚೂರು ಮಾತ್ರ. ಚೆಂಡಿನ ಮೇಲೆ ಕಣ್ಣಿತ್ತು, ಹಿಂದೆ ಯಾರಿದ್ದಾರೆಂದು ಗೊತ್ತಾಗಲಿಲ್ಲ ಎಂದು ಬಸವಕಿರಣ ಶಿಸ್ತು ಸಮಿತಿಯ ಮುಂದೆ ಹೇಳಿದ. ಸಮಿತಿ ಅದನ್ನು ಅಜಾಗರೂಕತೆ ಎಂದು ಬರೆದು, ನಾಲ್ಕು ಪಂದ್ಯ ಹೊರಗಿಟ್ಟು, ಮನೆಗೆ ಕಳಿಸಿತು. ಹುಮನಾಬಾದಿನ ಚಹಾ ಅಂಗಡಿಗಳಲ್ಲಿ ದೊಡ್ಡ ನ್ಯಾಯ ಪಂಚಾಯಿತಿಯೇ ನಡೆಯಿತು. ಆಟವೆಂದ ಮೇಲೆ ತಾಗುತ್ತದೆ, ಒಂದು ಪಂದ್ಯ ಸಾಕಿತ್ತು ಎಂದರು ಕೆಲವರು. ನಮ್ಮ ಕಡೆಯ ಹುಡುಗನೆಂದು ತುಳಿದಿದ್ದಾರೆ ಎಂದರು ಹಲವರು. ನಿವೃತ್ತ ಡ್ರಿಲ್ ಮಾಸ್ತರರೊಬ್ಬರು, ಪೆಟ್ಟು ತಿಂದವನು ಎಷ್ಟು ದಿನ ಹೊರಗಿರುತ್ತಾನೋ ಹೊಡೆದವನೂ ಅಷ್ಟು ದಿನ ಹೊರಗಿರಬೇಕು ಎಂದಿದ್ದಕ್ಕೆ ಅವರ ಚಹಾ ಆರಿಹೋಗುವಷ್ಟು ಬೈಸಿಕೊಂಡರು. ಕೊನೆಗೆ ಅನ್ಯಾಯಕ್ಕೆ ಉತ್ತರವೆಂದು ಗೆಳೆಯ ಸಂಜುಕುಮಾರ ಸನ್ಮಾನ ಗೊತ್ತು ಮಾಡಿದ.

ರೂಪಾಲಿ ಬಸವಕಲ್ಯಾಣದ ಕೋಟೆಯ ಹಾದಿಯಲ್ಲಿರುವ ಅಜೀಮುದ್ದೀನ್ ಭಾಯಿಯ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಾಳೆ. ಮಂದಿಯ ಮುಖವನ್ನು ನಿಧಾನ ಮಾಡಿ, ನಿಲ್ಲಿಸಿ, ಹಿಂದೆ ಮುಂದೆ ಎಳೆದು ನೋಡುವುದೇ ಅವಳ ದಿನದ ಅನ್ನ. ಹೆಣ್ಣು ಒಪ್ಪಿಸುವಾಗ ಅಳುವ ಚಿಕ್ಕಮ್ಮಂದಿರು ಅಳುವುದಕ್ಕೆ ಮುಂಚೆ ಕ್ಯಾಮೆರಾ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳುತ್ತಾರೆ. ಅಂಥದ್ದನ್ನೆಲ್ಲ ಅವಳು ಸುಮ್ಮನೆ ಕತ್ತರಿಸಿ ಬಿಡುತ್ತಾಳೆ.

ಸನ್ಮಾನದ ದಿನ ಪರದೆಯ ಮೇಲೆ ತೋರಿಸಲು ಒಂದು ಚಿತ್ರ ಬೇಕಾಗಿತ್ತು. ಸಂಜುಕುಮಾರ ಆ ಪಂದ್ಯ ನೋಡಲು ಗೋವಾಕ್ಕೆ ಹೋಗಿ ಗ್ಯಾಲರಿಯಿಂದ ಫೋನಿನಲ್ಲಿ ಹಿಡಿದದ್ದನ್ನೆಲ್ಲ, ತಾನೂ ತಿರುಗಿ ನೋಡದೆ, ರೂಪಾಲಿಗೆ ಕಳಿಸಿದ್ದ. ಅವನ ಫೋನು ಚೆಂಡನ್ನು ಬಿಟ್ಟು ಗೆಳೆಯನ ಮೇಲೇ ನೆಟ್ಟಿತ್ತು. ಶನಿವಾರ ಮಧ್ಯಾಹ್ನ ಅವಳು ಅದನ್ನು ನಿಧಾನ ಮಾಡಿದಳು.

ಚೆಂಡು ಮೈದಾನದ ಆಚೆ ಬದಿಯಲ್ಲಿದೆ. ರೆಫರಿ ಬೆನ್ನು ತಿರುಗಿಸಿ ಅತ್ತ ಓಡುತ್ತಿದ್ದಾನೆ. ಬಸವಕಿರಣ ಕುತ್ತಿಗೆ ತಿರುಗಿಸಿ ಎಡಕ್ಕೊಮ್ಮೆ ರೆಫರಿಯ ಬೆನ್ನನ್ನು ನೋಡುತ್ತಾನೆ. ಬಲಕ್ಕೊಮ್ಮೆ ಗೆರೆಯ ಮೇಲಿನ ಸಹಾಯಕ ರೆಫರಿಯನ್ನು ನೋಡುತ್ತಾನೆ. ಇಬೋಮ್ಚಾ ಅವನ ಪಕ್ಕದಲ್ಲಿ ಬೂಟಿನ ದಾರ ಕಟ್ಟಿ ಆಗಷ್ಟೇ ಮೇಲೇಳುತ್ತಿದ್ದಾನೆ. ಮೊಣಕೈ ಹೋಗುತ್ತದೆ. ಆಮೇಲೆ ಬಸವಕಿರಣ ತಾನೇ ಮುಖ ಹಿಡಿದುಕೊಂಡು ಹುಲ್ಲಿನ ಮೇಲೆ ಬೀಳುತ್ತಾನೆ.

ರೂಪಾಲಿ ಮತ್ತೆ ಹಿಂದಕ್ಕೆ ಎಳೆದು ನೋಡಿದಳು. ಪ್ರತಿ ಸಲವೂ ಅವಳ ಕಣ್ಣು ಮೊಣಕೈಯನ್ನು ಬಿಟ್ಟು ಆ ಎರಡು ನೋಟಗಳ ಮೇಲೇ ನಿಲ್ಲುತ್ತಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೋಟೆ ನೋಡಲು ಹೋದ ದಿನ ಅಪ್ಪ ಜೊತೆಗಿದ್ದಾಗ ಕಾರಿನ ಬಾಗಿಲು ತೆರೆದು ಹಿಡಿದವನು, ಅಪ್ಪ ಇಳಿದುಹೋದ ಮೇಲೆ ಅದೇ ಬಾಗಿಲನ್ನು ಅವಳ ಬೆರಳು ಇನ್ನೂ ಅಂಚಿನ ಮೇಲಿರುವಾಗಲೇ ಎಳೆದು ಮುಚ್ಚಿದ್ದ. ಕೈ ತಪ್ಪಿರಬೇಕೆಂದು ಅಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು.

ಸಂಜೆ ಅಪ್ಪ ಮಹಾರುದ್ರಪ್ಪನ ಬಟ್ಟೆ ಅಂಗಡಿಗೆ ಹೋಗಿ ತೋರಿಸಿದಳು. ಅವರು ನೋಡಿದರು. ಇನ್ನೊಮ್ಮೆ ನೋಡಿದರು. ಬಳಿಕ ಫೋನು ಮರಳಿಸಿ, ಮಡಚಿಟ್ಟ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚತೊಡಗಿದರು.

"ಸಜಾ ಕೊಟ್ಟಾರಲ್ಲವ್ವ. ಸಜಾ ಆದಮ್ಯಾಲ ಮತ್ಯಾಕ ಅದೇ ಕೆದರಾಕತ್ತಿ?"

"ಸಜಾ ಬ್ಯಾರೆ ಗಲ್ತಿಗಿ ಕೊಟ್ಟಾರಪ್ಪ. ಈ ಗಲ್ತಿ ಅವರು ನೋಡೇ ಇಲ್ಲ."

"ಉಂಗುರ ಹಾಕಿದ್ದು ನಾಕ ಮಂದಿ ನೋಡ್ಯಾರ." ಅವರ ದನಿ ತಗ್ಗಿತು. ಮಗಳ ಭಯ ಅವರಿಗೂ ತಟ್ಟಿತ್ತು. ಆದರೆ ಅವರ ಭಯದಲ್ಲಿ ಊರಿನ ಬಾಯಿಯೂ ಸೇರಿತ್ತು. "ನಾಳಿ ಹೆಂಗೂ ಹೊಂಟೀದಿ. ಅವನಿಗೇ ಒಂದ ಮಾತು ಕೇಳು. ಏನಂತಾನ ನೋಡಿ ಹೇಳು, ನಾ ಅದರಂಗ ನಡೀತೀನಿ."

ಭಾನುವಾರ ಪರದೆ, ಪ್ರೊಜೆಕ್ಟರ್, ಜನರೇಟರ್ ತುಂಬಿಕೊಂಡು ಅಜೀಮುದ್ದೀನ್ ಭಾಯಿಯ ವ್ಯಾನಿನಲ್ಲಿ ಅವಳು ಹುಮನಾಬಾದಿಗೆ ಹೋದಳು. ಊಟ ಬಸವಕಿರಣನ ಮನೆಯಲ್ಲೇ ಆಗಬೇಕೆಂದು ಅವನ ತಾಯಿ ಸುಂದರಬಾಯಿ ಹೇಳಿ ಕಳಿಸಿದ್ದರು. ಗಂಡ ತೀರಿ ವರ್ಷಗಳಾದ ಹೆಂಗಸು; ಮಗ ಗೋವಾದಲ್ಲಿರುವಾಗ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವವರು. ಎಡಗೈ ಮಣಿಕಟ್ಟಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡಿದ್ದರು. ಬಚ್ಚಲಲ್ಲಿ ಜಾರಿದೆ ಎಂದು ಕೇಳುವ ಮುಂಚೆಯೇ ಹೇಳಿ, ಒಂದೇ ಕೈಯಲ್ಲಿ ರೊಟ್ಟಿ ಬಡಿಸಿದರು.

"ನಾಕ ಆಟ ಭಾಳ ಆತು," ಎಂದರು ಬಡಿಸುತ್ತಲೇ. "ಜಲ್ದಿ ಕರಸ್ಕೊಂಡ್ರ ಛಲೋ ಇತ್ತು."

ಹೆತ್ತ ಕರುಳು ಅಲ್ಲವೇ, ಮಗನ ಶಿಕ್ಷೆ ಹೆಚ್ಚೆನಿಸಿರಬೇಕು ಎಂದುಕೊಂಡಳು ರೂಪಾಲಿ. ಭಾಯಿ ಊಟ ಮುಗಿಸಿ ವ್ಯಾನಿನ ಕಡೆ ಹೋದರು. ಅವಳು ಕೈ ತೊಳೆಯಲು ಹಿತ್ತಿಲ ಕಡೆಯ ಪಡಸಾಲೆಗೆ ಹೋದಾಗ ಬಸವಕಿರಣ ಹಿಂದೆಯೇ ಬಂದ.

ಕೇಳದೆ ಹೋದರೆ ಮುಂದೆ ಕೇಳುವ ಧೈರ್ಯ ಎಂದಿಗೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಆ ಹುಡುಗನಿಗಿ ಹೊಡಿಯೂ ಮುಂಚೆ ನೀವು ರೆಫರಿ ಕಡಿ ನೋಡಿದ್ರಿ."

ಅವನು ನಕ್ಕ. "ಎಲ್ಲಾರೂ ನೋಡ್ತಾರ. ನೋಡದಾಂವ ಸಿಕ್ಕೊಂಡು ಬೀಳ್ತಾನ."

"ರೆಫರಿ ನಿಮ್ಮ ಕಡಿನೇ ನೋಡ್ತಿದ್ರ ಹೊಡೀತಿದ್ರೇನು?"

"ನನಗೇನು ಹುಚ್ಚು ಹಿಡದದಾ?"

ಒಂದಿಷ್ಟೂ ಮುಚ್ಚುಮರೆಯಿಲ್ಲದೆ ಹೇಳಿದ. ತನ್ನ ಜಾಣತನಕ್ಕೆ ಹೆಂಡತಿಯಾಗುವವಳು ಮೆಚ್ಚಬೇಕೆಂಬ ಹಾಗಿತ್ತು ಮಾತು. ಆಮೇಲೆ, "ಅದು ನಿನಗ ಹ್ಯಾಂಗ ಗೊತ್ತು?" ಎಂದ.

"ಸಂಜು ಕಳಿಸಿದ ವಿಡಿಯೋದಾಗ ಅದ."

"ಅಳಿಸಿ ಹಾಕು."

"ಹಾಕಲಿಲ್ಲಂದ್ರ?"

ಬಸವಕಿರಣ ಕುತ್ತಿಗೆ ತಿರುಗಿಸಿದ. ಎಡಕ್ಕೊಮ್ಮೆ ಅಡುಗೆಮನೆಯ ಕದದ ಕಡೆ ನೋಡಿದ. ಬಲಕ್ಕೊಮ್ಮೆ ಹಿತ್ತಿಲ ಬಾಗಿಲ ಕಡೆ ನೋಡಿದ.

ಇದರ ಮುಂದೆ ಏನು ಬರುತ್ತದೆಂದು ಇಡೀ ಜಗತ್ತಿನಲ್ಲಿ ರೂಪಾಲಿಯಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕೈಯಲ್ಲಿದ್ದ ಹಿತ್ತಾಳೆ ಚೆಂಬನ್ನು ಕಲ್ಲಿನ ಮೇಲೆ ಬಿಟ್ಟುಬಿಟ್ಟಳು. ಮನೆಯೆಲ್ಲ ಗಣಗಣ ಎಂದಿತು.

"ಏನಾಯ್ತು ಬೇಟಿ?" ಹೊರಗಿನಿಂದ ಭಾಯಿಯ ದನಿ ಬಂತು.

ಹೊಡೆಯಲು ಎದ್ದಿದ್ದ ಬಸವಕಿರಣನ ಕೈ ಅವನದೇ ಕೂದಲನ್ನು ಹಿಂದಕ್ಕೆ ಸವರಿಕೊಂಡಿತು. "ಚೆಂಬು ಜಾರ್ತು ಭಾಯಿ," ಎಂದು ನಗುತ್ತ ಅವನೇ ಉತ್ತರ ಕೊಟ್ಟು ಹೊರಗೆ ನಡೆದ.

ಅಡುಗೆಮನೆಯ ಕದದ ಹಿಂದಿನಿಂದ ಸುಂದರಬಾಯಿ ಬಂದರು. ಬಾಗಿ ಚೆಂಬನ್ನು ಎತ್ತಿಕೊಂಡರು. ಅವರು ಅಷ್ಟು ಹೊತ್ತೂ ಅಲ್ಲೇ ಇದ್ದರೆಂದು ರೂಪಾಲಿಗೆ ತಿಳಿಯಿತು. ಬಟ್ಟೆ ಸುತ್ತಿದ ಮಣಿಕಟ್ಟನ್ನೇ ನೋಡುತ್ತ ನಿಂತಳು.

"ಅದು ಬಚ್ಚಲದಾಗ ಆಗಿದ್ದಲ್ರಿ," ಎಂದಳು.

"ಅಲ್ಲಿದ್ರ ಅಂವಗ ರೆಫರಿ ಇರ್ತಾನ, ಕೆಮರಾ ಇರ್ತಾವ, ಸಾವಿರ ಮಂದಿ ಇರ್ತಾರ. ಆಟದಿಂದ ಹೊರಗ ಹಾಕಿ ಮನಿಗಿ ಕಳಿಸಿದ್ರು. ಇಲ್ಲಿ ಯಾರ ಇದ್ದಾರ?" ಸುಂದರಬಾಯಿಯ ದನಿ ಪಿಸುಮಾತಿಗಿಂತ ತುಸುವೇ ಮೇಲಿತ್ತು. "ಈ ಸಜಾ ಅವರು ಯಾರಿಗಿ ಕೊಟ್ಟಾರವ್ವ?"

ಹೊಸ ಸಾಕ್ಷಿ ಬಂದರೆ ಸಮಿತಿ ಮತ್ತೆ ವಿಚಾರಣೆ ಮಾಡುತ್ತದೆ, ಬೇಕೆಂತಲೇ ಹೊಡೆದದ್ದು ಎಂದಾದರೆ ಒಂದು ವರ್ಷವಾದರೂ ಹೊರಗಿಡುತ್ತದೆ, ವಿಡಿಯೋ ತನ್ನ ಹತ್ತಿರವೇ ಇದೆ ಎಂದು ರೂಪಾಲಿ ಹೇಳಿದಳು.

"ವರ್ಷಾ?" ಸುಂದರಬಾಯಿ ಒಳ್ಳೆಯ ಕೈಯಿಂದ ಅವಳ ತೋಳು ಹಿಡಿದುಕೊಂಡರು. "ಬ್ಯಾಡವ್ವ. ಕಳಿಸಬ್ಯಾಡ. ವರ್ಷಾನಗಟ್ಟಲೆ ನನ್ನಿಂದಾಗಂಗಿಲ್ಲ."

ರೂಪಾಲಿ ವ್ಯಾನಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ತಾನು ಉಂಗುರ ತೆಗೆದಿಟ್ಟು ತನ್ನ ಊರಿಗೆ ಹೋಗಬಹುದು. ಸುಂದರಬಾಯಿ ಎಲ್ಲಿಗೆ ಹೋಗಬೇಕು? ವಿಡಿಯೋ ಕಳಿಸಿದರೆ ಆ ತಾಯಿಗೆ ಒಂದು ವರ್ಷದ ಶಿಕ್ಷೆ. ಕಳಿಸದಿದ್ದರೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಎಲ್ಲೋ ಮಲಗಿರುವ ಹುಡುಗನಿಗೆ ಮಾಡುವ ದ್ರೋಹ. ಬಸವಕಿರಣನಿಗೆ ರೆಫರಿಯ ಭಯವಿಲ್ಲ, ಸಮಿತಿಯ ಭಯವಿಲ್ಲ. ಅವನಿಗಿರುವುದು ಕಣ್ಣುಗಳ ಭಯ ಒಂದೇ. ಈ ಮಾತು ಹೊಳೆದ ಮೇಲೆ ಅವಳು ಚಿತ್ರಕ್ಕೆ ಇನ್ನೊಂದು ತುಂಡು ಸೇರಿಸಿ, ಅಜೀಮುದ್ದೀನ್ ಭಾಯಿಗೆ ತೋರಿಸಿದಳು.

ಭಾಯಿ ನೋಡಿ ಬಹಳ ಹೊತ್ತು ಗಡ್ಡ ತುರಿಸಿಕೊಂಡರು. "ಈ ಊರಾಗ ನಂಗ ಇನ್ನ ಲಗ್ನದ ಆರ್ಡರ್ ಸಿಗಂಗಿಲ್ಲ ಬಿಡು," ಎಂದರು. ಆಮೇಲೆ, "ಹಾಕು. ಜನರೇಟರ್ ಹತ್ರ ನಾ ಕುಂದರ್ತೀನಿ. ಯಾರು ಬಂದು ಬಂದ್ ಮಾಡ್ತಾರೋ ನೋಡೂಣು."

ಸಂಜೆ ಶಾಲೆಯ ಮೈದಾನ ತುಂಬಿತು. ಒಂದು ಬದಿ ಗಂಡಸರು, ಇನ್ನೊಂದು ಬದಿ ಹೆಂಗಸರು. ಎರಡು ಭಾಷಣಗಳಲ್ಲಿ ಬಸವಕಿರಣ ಹುಲಿಯಾದ, ಮೂರನೆಯದರಲ್ಲಿ ಸಿಂಹವಾದ. ಶಾಲು ಹೊದಿಸಿದರು. ಮೊದಲ ಸಾಲಿನಲ್ಲಿ ಸುಂದರಬಾಯಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದರು. ದೀಪ ಆರಿಸಿ ಚಿತ್ರ ಹಾಕಿದರು. ರೂಪಾಲಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸುತ್ತಿತ್ತು.

ಓಟ ಬಂತು, ಗೋಲು ಬಂತು, ಶಿಳ್ಳೆ ಬಿತ್ತು. ಆಮೇಲೆ ಆ ತುಂಡು ಬಂತು. ಮೊದಲ ಸಲ ಇದ್ದ ವೇಗದಲ್ಲೇ ಹೋಯಿತು. ಹಿಂದಿನ ಸಾಲಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೆಯ ಸಲ ನಿಧಾನವಾಗಿ ಬಂತು. ಚಪ್ಪಾಳೆ ಅಲ್ಲಲ್ಲಿ ಶುರುವಾಗಿ ನಿಂತಿತು. ಮೂರನೆಯ ಸಲ ಆ ಮುಖ ಪರದೆಯ ತುಂಬ ದೊಡ್ಡದಾಗಿ ಎಡಕ್ಕೊಮ್ಮೆ ನೋಡಿತು, ಬಲಕ್ಕೊಮ್ಮೆ ನೋಡಿತು, ಬೂಟು ಕಟ್ಟಿ ಏಳುತ್ತಿದ್ದ ಹುಡುಗನ ಕೆನ್ನೆ ಒಡೆಯಿತು. ಮೈದಾನದಲ್ಲಿ ಜನರೇಟರಿನ ಸದ್ದೊಂದೇ ಉಳಿಯಿತು.

ಹೆಂಗಸರ ಬದಿಯಿಂದ ಯಾರೋ ಮುದುಕಿ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಮೊದಲ ಎಲ್ಲಾ ಕಡಿ ನೋಡ್ಯಾನಲ್ಲ ಅಂವಾ."

ಸಂಜುಕುಮಾರ ಜನರೇಟರಿನ ಕಡೆ ಓಡಿದ. ಅಲ್ಲಿ ಅಜೀಮುದ್ದೀನ್ ಭಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಬಸವಕಿರಣ ಎದ್ದು ನಿಂತು ರೂಪಾಲಿಯನ್ನು ಕಣ್ಣಲ್ಲೇ ಹುಡುಕಿ ಹಿಡಿದ. ಆಮೇಲೆ ಅಭ್ಯಾಸಬಲದಿಂದ ಕುತ್ತಿಗೆ ತಿರುಗಿಸಿದ. ಎಡಕ್ಕೆ ಜನರಿದ್ದರು. ಬಲಕ್ಕೆ ಜನರಿದ್ದರು. ಅವರೆಲ್ಲರಿಗೂ ಸಿಟ್ಟು ಬಂದಿತ್ತೆಂದಲ್ಲ. ಇದೇನು ಮಹಾ ಎಂಬ ಮುಖಗಳೂ ಬೇಕಾದಷ್ಟಿದ್ದವು. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಶಾಲು ಸರಿಮಾಡಿಕೊಂಡು ಮೆಲ್ಲಗೆ ಕೂತ.

ರೂಪಾಲಿ ವ್ಯಾನಿನೊಳಗೆ ಸೇರಿ ಬಾಗಿಲಿನ ಚಿಲಕ ಹಾಕಿಕೊಂಡಳು. ಅಪ್ಪನಿಗೆ ಫೋನು ಮಾಡಿ, "ಕೇಳಿದೆ ಅಪ್ಪಾ. ಖರೇನೇ ಹೇಳಿದ. ಅದಕ್ಕೇ ನಂಗ ಈ ಲಗ್ನ ಬ್ಯಾಡ," ಎಂದಳು. "ಜ್ವಾಕಿ ಬಾ," ಎಂದರು ಮಹಾರುದ್ರಪ್ಪ.

ಭಾಯಿ ಸಾಮಾನು ತುಂಬಿ ಗಾಡಿ ಚಾಲು ಮಾಡುವ ಹೊತ್ತಿಗೆ ಯಾರೋ ಗಾಜು ಬಡಿದರು. ಹೊರಗೆ ಸುಂದರಬಾಯಿ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಬಾಗಿಲು ತೆರೆದದ್ದೇ ಹತ್ತಿ ರೂಪಾಲಿಯ ಪಕ್ಕದಲ್ಲಿ ಕೂತರು. ಗಾಡಿ ಹೊರಟಿತು. ಊರು ದಾಟುವವರೆಗೆ ಇಬ್ಬರೂ ಹಿಂದಿನ ಗಾಜಿನ ಕಡೆಗೇ ನೋಡುತ್ತಿದ್ದರು. ಯಾವ ದೀಪವೂ ಬೆನ್ನು ಹತ್ತಲಿಲ್ಲ.

"ಆ ವಿಡಿಯೋ," ಎಂದರು ಸುಂದರಬಾಯಿ. "ಆಟದ ಮಂದಿಗಿ ಕಳಿಸಿದೇನು?"

"ಇಲ್ರಿ. ನೀವು ಬ್ಯಾಡಂದಿದ್ರಿ."

ಸುಂದರಬಾಯಿ ಮಣಿಕಟ್ಟಿನ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿ ಮಾಡಿಕೊಂಡರು.

"ಈಗ ಕಳಿಸು. ನಾ ಆ ಮನ್ಯಾಗಿಲ್ಲ."